ಶರಾವತಿಯ ಜೊತೆ ಇಳಿದು ಸೀತೆಯ ಜೊತೆ ಹತ್ತುವುದು: ಶಿವಮೊಗ್ಗದಿಂದ ಕಾರಿಲ್ಲದೆ ಕರಾವಳಿ ಸುತ್ತಲು ಸಮಗ್ರ ಮಾರ್ಗದರ್ಶಿ

ಕಾರಿನಲ್ಲಿ ಕರಾವಳಿಗೆ ಹೋದವರು ಎಲ್ಲಿ ಅಲೆದರೂ ಕೊನೆಗೆ ಕಾರು ನಿಲ್ಲಿಸಿದ ಜಾಗಕ್ಕೇ ಮರಳಬೇಕು. ಹೊಳೆಯ ಈ ದಡದಲ್ಲಿ ಕಾರಿದ್ದರೆ ಆ ದಡದ ಊರು ನೋಡುವುದಕ್ಕೆ ಮೂವತ್ತು ಕಿಲೋಮೀಟರ್ ಸುತ್ತು ಹಾಕಬೇಕು. ಹೆಗಲಿಗೆ ಒಂದು ಚೀಲ ಹಾಕಿಕೊಂಡು ಬಸ್ಸಿನಲ್ಲಿ ಹೋದವರಿಗೆ ಆ ಕಟ್ಟುಪಾಡಿಲ್ಲ. ಜನರನ್ನೂ ಬೈಕುಗಳನ್ನೂ ಹೊಳೆ ದಾಟಿಸುವ ಬಾರ್ಜ್ ಹತ್ತಿ ಆಚೆ ದಡ ಸೇರಿದರೆ ಅಲ್ಲಿಂದ ಇನ್ನೊಂದು ಬಸ್, ಅಲ್ಲಿಂದ ಇನ್ನೊಂದು ಊರು. ಹೋದ ದಾರಿಯಲ್ಲೇ ಹಿಂದಿರುಗುವ ಅಗತ್ಯವೇ ಇಲ್ಲ. ಕಾರಿನ ಪ್ರವಾಸಕ್ಕೆಂದು ಮಾಡಿದ ಪಟ್ಟಿಯನ್ನೇ ಬಸ್ಸಿಗೆ ಹೊಂದಿಸಲು ಹೊರಟರೆ ಎಲ್ಲವೂ ತೊಡಕಾಗುತ್ತದೆ. ಒಂದು ಘಟ್ಟದಲ್ಲಿ ಇಳಿದು, ಕಡಲ ದಂಡೆ ಹಿಡಿದು ಸಾಗಿ, ಇನ್ನೊಂದು ಘಟ್ಟದಲ್ಲಿ ಹತ್ತಿ ಬರುವಂತೆ ಯೋಜಿಸಿದರೆ ಬಸ್ ಪ್ರಯಾಣದಷ್ಟು ಹಗುರವಾದದ್ದು ಬೇರೊಂದಿಲ್ಲ.

ಶಿವಮೊಗ್ಗದವರಿಗೆ ಇದಕ್ಕೆ ನದಿಗಳೇ ದಾರಿ ಹಾಕಿಕೊಟ್ಟಿವೆ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಲಿಂಗನಮಕ್ಕಿ, ಜೋಗ, ಗೇರುಸೊಪ್ಪೆ ದಾಟಿ ಹೊನ್ನಾವರದಲ್ಲಿ ಕಡಲು ಸೇರುತ್ತಾಳೆ. ಆಗುಂಬೆಯ ಆಸುಪಾಸಿನ ಬೆಟ್ಟಗಳಲ್ಲಿ ಹುಟ್ಟುವ ಸೀತಾನದಿ ಹೆಬ್ರಿ, ಬಾರ್ಕೂರಿನ ಕಡೆ ಹರಿದು ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಸ್ವರ್ಣಾ ನದಿಯ ಜೊತೆ ಸಮುದ್ರ ಸೇರುತ್ತಾಳೆ. ಶರಾವತಿಯ ಜೊತೆ ಇಳಿದು, ಸೀತೆಯ ಜೊತೆ ಹತ್ತಿ ಬರುವ ಐದು ದಿನದ ಸುತ್ತು ಇದು. ಬಸ್ ಮತ್ತು ಬಾರ್ಜ್ ಬಿಟ್ಟರೆ ಅಲ್ಲಲ್ಲಿ ಆಟೊ ಬೇಕಾಗಬಹುದು, ಅಷ್ಟೇ.

ಮೊದಲು ತಿಂಗಳು ಗೊತ್ತು ಮಾಡಿಕೊಳ್ಳಿ

ಊರುಗಳ ಪಟ್ಟಿ ಮಾಡುವ ಮೊದಲು ಯಾವ ತಿಂಗಳು ಹೋಗುವುದೆಂದು ತೀರ್ಮಾನಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಪ್ರವಾಸ ಬೇಡ ಎಂಬುದೇ ನನ್ನ ಖಚಿತ ಸಲಹೆ. ಉಡುಪಿಯ ಬಳಿಯ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳು ಆಗ ನಿಲ್ಲುತ್ತವೆ, ಅಳಿವೆಗಳಲ್ಲಿ ನೀರಿನ ಸೆಳೆತ ಹೆಚ್ಚಿರುತ್ತದೆ, ಘಟ್ಟಗಳಲ್ಲಿ ಮಣ್ಣು ಕುಸಿಯುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿಯಾದದ್ದು ಇದೇ ಕರಾವಳಿಯ ಹೆದ್ದಾರಿಯ ಮೇಲೆ. ಮಳೆಗಾಲದಲ್ಲಿ ಮಲೆನಾಡಿಗರು ಮನೆಯಲ್ಲಿದ್ದು ಮಳೆ ನೋಡುವುದೇ ಒಳ್ಳೆಯದು.

ಜೋಗದಲ್ಲಿ ನೀರೂ ಇರಬೇಕು, ಕಡಲೂ ಶಾಂತವಾಗಿರಬೇಕು ಎನ್ನುವವರು ಮಳೆ ಹಿಂದೆ ಸರಿದ ಮೇಲೆ, ಅಕ್ಟೋಬರ್ ಕೊನೆ ಅಥವಾ ನವೆಂಬರ್ ಆರಿಸಿಕೊಳ್ಳಲಿ. ಡಿಸೆಂಬರ್, ಜನವರಿ, ಫೆಬ್ರವರಿಯಲ್ಲಿ ಹವೆ ಹಿತವಾಗಿರುತ್ತದೆ, ಆದರೆ ಮೂರು ಸಂದರ್ಭಗಳನ್ನು ತಪ್ಪಿಸಿ: ಕ್ರಿಸ್‌ಮಸ್‌ನಿಂದ ಹೊಸ ವರ್ಷದವರೆಗಿನ ವಾರ, ಗೋಕರ್ಣದ ಶಿವರಾತ್ರಿ, ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಪರ್ಯಾಯ. ಜಾತ್ರೆಯನ್ನೇ ನೋಡಲು ಹೋಗುವವರ ಮಾತು ಬೇರೆ. ಉಳಿದವರಿಗೆ ಆ ದಿನಗಳಲ್ಲಿ ಬಸ್ಸಿನಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ, ವಸತಿಗೃಹಗಳಲ್ಲಿ ಕೋಣೆಯೂ ಸಿಗುವುದಿಲ್ಲ.

ಇಳಿಯುವ ಘಟ್ಟ, ಹತ್ತುವ ಘಟ್ಟ

ಶಿವಮೊಗ್ಗ ಜಿಲ್ಲೆಯಿಂದ ಕೆಳಗಿಳಿಯಲು ದಾರಿಗಳು ಹಲವು. ಬಸ್ ಪ್ರಯಾಣಿಕರಿಗೆ ಮುಖ್ಯವಾದವು ನಾಲ್ಕು. ಸಾಗರ, ತಾಳಗುಪ್ಪ, ಜೋಗದ ಮೇಲೆ ಗೇರುಸೊಪ್ಪೆ ಘಟ್ಟ ಇಳಿದು ಹೊನ್ನಾವರ ಸೇರುವುದು ಮೊದಲನೆಯದು. ಇದು ಹೆದ್ದಾರಿ, ದೊಡ್ಡ ಬಸ್ಸುಗಳು ಓಡುತ್ತವೆ. ಹೊಸನಗರ, ನಗರ, ಮಾಸ್ತಿಕಟ್ಟೆಯ ಮೇಲೆ ಹುಲಿಕಲ್ ಘಟ್ಟ ಇಳಿದು ಹೊಸಂಗಡಿ, ಸಿದ್ದಾಪುರದ ಮೂಲಕ ಕುಂದಾಪುರ ಸೇರುವುದು ಎರಡನೆಯದು. ನಿಟ್ಟೂರಿನ ಮೇಲೆ ಕೊಲ್ಲೂರಿಗೆ ಇಳಿದು ಬೈಂದೂರು ಅಥವಾ ಕುಂದಾಪುರಕ್ಕೆ ಹೋಗುವುದು ಮೂರನೆಯದು. ತೀರ್ಥಹಳ್ಳಿ, ಆಗುಂಬೆ, ಹೆಬ್ರಿಯ ಮೂಲಕ ಉಡುಪಿ ಸೇರುವುದು ನಾಲ್ಕನೆಯದು. ಆಗುಂಬೆಯ ತಿರುವುಗಳಲ್ಲಿ ಉದ್ದನೆಯ ಬಸ್ಸುಗಳು ತಿರುಗುವುದಿಲ್ಲ, ಹಾಗಾಗಿ ಅಲ್ಲಿ ಓಡುವುದು ಬಹುಮಟ್ಟಿಗೆ ಖಾಸಗಿಯವರ ಮಿನಿ ಬಸ್ಸುಗಳು.

ಒಂದು ಎಚ್ಚರಿಕೆ. ಬಸ್ಸಿನ ಫಲಕದಲ್ಲಿ ‘ಸಿದ್ದಾಪುರ’ ಎಂದು ಕಂಡರೆ ಯಾವ ಸಿದ್ದಾಪುರ ಎಂದು ಕೇಳದೆ ಹತ್ತಬೇಡಿ. ಜೋಗದ ಸಮೀಪದ, ಉತ್ತರ ಕನ್ನಡ ಜಿಲ್ಲೆಯ ತಾಲ್ಲೂಕು ಕೇಂದ್ರವಾದ ಸಿದ್ದಾಪುರ ಒಂದು, ಹುಲಿಕಲ್ ಘಟ್ಟದ ಬುಡದಲ್ಲಿ ಕುಂದಾಪುರದ ಕಡೆಗಿರುವ ಸಿದ್ದಾಪುರ ಇನ್ನೊಂದು. ಎರಡಕ್ಕೂ ನಮ್ಮ ಜಿಲ್ಲೆಯ ಕಡೆಯಿಂದ ಬಸ್ಸುಗಳಿವೆ.

ಗೇರುಸೊಪ್ಪೆಯಲ್ಲಿ ಇಳಿದು ಆಗುಂಬೆಯಲ್ಲಿ ಹತ್ತುವುದು ನನ್ನ ಆಯ್ಕೆ. ಮೊದಲ ದಿನದ ಉದ್ದನೆಯ ಪ್ರಯಾಣ ದೊಡ್ಡ ಬಸ್ಸಿನಲ್ಲಿ ಆರಾಮಾಗಿ ಮುಗಿಯುತ್ತದೆ. ಹೇರ್‌ಪಿನ್ ತಿರುವುಗಳ ಆಗುಂಬೆಯನ್ನು ಇಳಿಯುವುದಕ್ಕಿಂತ ಹತ್ತುವಾಗ ಹೊಟ್ಟೆ ತೊಳಸುವುದು ಕಡಿಮೆ ಎಂಬುದು ಮಕ್ಕಳನ್ನು ಕರೆದೊಯ್ಯುವವರಿಗೆಲ್ಲ ಗೊತ್ತಿರುವ ವಿಷಯ.

ಲಾಂಚ್ ಇನ್ನೂ ಇದೆಯೇ ಎಂದು ಕೇಳುವವರಿಗೆ

ಮಲೆನಾಡಿನಲ್ಲಿ ದೋಣಿ ಎಂದರೆ ನೆನಪಿಗೆ ಬರುವುದು ಸಿಗಂದೂರಿನ ಲಾಂಚ್. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತಲೆಯೆತ್ತಿದ ಮೇಲೆ ಶರಾವತಿಯ ಹಿನ್ನೀರು ತುಮರಿ ಭಾಗದ ಊರುಗಳನ್ನು ಸಾಗರದಿಂದ ಬೇರ್ಪಡಿಸಿತು. ಆಸ್ಪತ್ರೆಗೆ, ಕಾಲೇಜಿಗೆ, ಸಂತೆಗೆ ಎಲ್ಲಕ್ಕೂ ಅಲ್ಲಿನವರು ದಶಕಗಳ ಕಾಲ ಲಾಂಚಿಗೆ ಕಾದರು. 2025ರ ಜುಲೈ 14ರಂದು ಎರಡು ಕಿಲೋಮೀಟರಿಗೂ ಉದ್ದನೆಯ ಸೇತುವೆ ಉದ್ಘಾಟನೆಯಾಯಿತು. ಪ್ರವಾಸಿಗರಾಗಿ ನಮಗೆ ಲಾಂಚ್ ಪ್ರಯಾಣ ತಪ್ಪಿದ ಬೇಸರವಿರಬಹುದು, ಆದರೆ ರಾತ್ರಿ ಹೊತ್ತು ಹೆರಿಗೆ ನೋವು ಬಂದವರನ್ನು ಸಾಗಿಸಲಾಗದೆ ದಡದಲ್ಲಿ ಕಾದವರ ಮುಂದೆ ಅದು ಬಹಳ ಸಣ್ಣ ಬೇಸರ. ಸೇತುವೆಯಿಂದಾಗಿ ಸಾಗರ, ಸಿಗಂದೂರು, ಕೊಲ್ಲೂರಿನ ದಾರಿ ಬಹಳ ಹತ್ತಿರವಾಗಿದೆ. ದೇವಿಯ ದರ್ಶನ ಮಾಡಿಕೊಂಡೇ ಘಟ್ಟ ಇಳಿಯಬೇಕೆನ್ನುವ ಹಿರಿಯರಿದ್ದರೆ ಗೇರುಸೊಪ್ಪೆಗೆ ಬದಲಾಗಿ ಈ ದಾರಿ ಹಿಡಿಯಬಹುದು.

ಹಿನ್ನೀರಿನ ಮೇಲೆ ಲಾಂಚಿನಲ್ಲಿ ಸಾಗುವ ಆಸೆ ಬಿಡದವರು ಕಾರ್ಗಲ್ ಕಡೆಯ ಮುಪ್ಪಾನೆಯನ್ನು ವಿಚಾರಿಸಬಹುದು. ಬೇಸಿಗೆಯಲ್ಲಿ ಹಿನ್ನೀರು ತಗ್ಗಿದಾಗ ಅಲ್ಲಿನ ಲಾಂಚ್ ನಿಲ್ಲುವುದುಂಟು, ಹಾಗಾಗಿ ಸಾಗರದಲ್ಲಿ ವಿಚಾರಿಸಿಕೊಂಡೇ ಹೊರಡಬೇಕು. ಇದಕ್ಕೆ ಒಂದು ದಿನ ಬೇರೆಯಾಗಿ ಎತ್ತಿಡಿ, ಕರಾವಳಿಯ ಐದು ದಿನದೊಳಗೆ ತುರುಕಬೇಡಿ.

ಸಮಯ ತಿಳಿದುಕೊಳ್ಳುವ ಕ್ರಮ

ಇಡೀ ಯೋಜನೆ ನಿಂತಿರುವುದು ಇದರ ಮೇಲೆ. ದೂರದೂರಿನ ಸರ್ಕಾರಿ ಬಸ್ಸುಗಳ ಸಮಯ ಮೊಬೈಲಿನಲ್ಲಿ ಸಿಗುತ್ತದೆ, ಸೀಟನ್ನೂ ಕಾಯ್ದಿರಿಸಬಹುದು. ಆದರೆ ಕುಮಟಾದಿಂದ ಅಘನಾಶಿನಿಗೆ ಹೋಗುವ ಹಳ್ಳಿ ಬಸ್, ಸಾಸ್ತಾನದಿಂದ ಹಂಗಾರಕಟ್ಟೆಗೆ ಹೋಗುವ ಬಸ್, ಬಾರ್ಜಿನ ಕೊನೆಯ ಸರದಿ, ಇವು ಯಾವ ನಕ್ಷೆಯಲ್ಲೂ ನಂಬುವಂತೆ ಸಿಗುವುದಿಲ್ಲ. ಇವನ್ನು ಜನರ ಬಾಯಿಂದಲೇ ತಿಳಿಯಬೇಕು. ಕೇಳುವುದಕ್ಕೂ ಒಂದು ಕ್ರಮವಿದೆ.

‘ಬಸ್ ಎಷ್ಟು ಹೊತ್ತಿಗೆ?’ ಎಂದು ಕೇಳಿದರೆ ‘ಈಗ ಬರುತ್ತದೆ’ ಎಂಬ ಉತ್ತರವೇ ಸಿಗುತ್ತದೆ. ಮೂರು ಪ್ರಶ್ನೆ ಕೇಳಿ: ಕೊನೆಯ ಬಸ್ ಯಾವುದು? ಅದಕ್ಕಿಂತ ಹಿಂದಿನದು ಯಾವುದು? ಭಾನುವಾರವೂ ಇದೇ ಸಮಯವೇ? ಮೂರನೆಯದನ್ನು ಮರೆಯಬೇಡಿ. ಹಳ್ಳಿಯ ಬಸ್ಸುಗಳಲ್ಲಿ ಹಲವು ಶಾಲಾ ಮಕ್ಕಳಿಗಾಗಿ ಇರುವಂಥವು, ರಜೆಯ ದಿನ ಅವುಗಳ ಓಡಾಟ ಕಡಿಮೆಯಾಗುತ್ತದೆ. ಉತ್ತರ ಪಡೆಯಬೇಕಾದದ್ದು ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಮತ್ತು ಅದೇ ದಾರಿಯಲ್ಲಿ ಓಡುವ ಬಸ್ಸಿನ ಕಂಡಕ್ಟರ್‌ನಿಂದ. ಬಾರ್ಜಿನ ವಿಷಯಕ್ಕಾದರೆ ಹಿಂದಿನ ರಾತ್ರಿ ಉಳಿದುಕೊಂಡ ವಸತಿಗೃಹದವರನ್ನು ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೂ ದಡದ ಅಂಗಡಿಯವರ ದೂರವಾಣಿ ಸಂಖ್ಯೆ ಗೊತ್ತಿರುತ್ತದೆ.

ಸಿಕ್ಕಿದ್ದನ್ನೆಲ್ಲ ಒಂದು ಕಾಗದದ ಹಾಳೆಯ ಮೇಲೆ ಬರೆದಿಟ್ಟುಕೊಳ್ಳಿ. ಘಟ್ಟಗಳಲ್ಲಿ ಮೊಬೈಲಿಗೆ ಸಿಗ್ನಲ್ ಇರುವುದಿಲ್ಲ. ಆ ಹಾಳೆಯಲ್ಲಿ ಪ್ರತಿ ದಿನಕ್ಕೂ ಒಂದು ಗೆರೆ ಎಳೆಯಿರಿ: ಈ ಹೊತ್ತಿನೊಳಗೆ ಈ ದಡದಲ್ಲಿರಬೇಕು ಎಂಬ ಗಡಿ. ಕೊನೆಯ ಬಾರ್ಜ್ ಆರಕ್ಕೆ ಎಂದರೆ ನಿಮ್ಮ ಗಡಿ ನಾಲ್ಕಕ್ಕೆ. ಕೊನೆಯ ಬಾರ್ಜನ್ನು ಯೋಜನೆಯ ಭಾಗ ಮಾಡಿಕೊಳ್ಳಲೇಬಾರದು. ಅದು ಕೈಮೀರಿದ ದಿನಕ್ಕೆಂದು ಇರುವುದು.

ಹಣ, ಚೀಲ, ಟಿಕೆಟ್

2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ದರವಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿರಲಿ. ರಾಜಹಂಸ, ಹವಾನಿಯಂತ್ರಿತ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಖಾಸಗಿ ಬಸ್ಸುಗಳಿಗೂ ಇಲ್ಲ. ನಮ್ಮ ಸುತ್ತಿನಲ್ಲಿ ಶಿವಮೊಗ್ಗದಿಂದ ಗೋಕರ್ಣದವರೆಗೆ ಸರ್ಕಾರಿ ಬಸ್ಸುಗಳೇ ಹೆಚ್ಚು, ಕುಂದಾಪುರದಿಂದ ಮುಂದೆ ಉಡುಪಿ ಜಿಲ್ಲೆಯಲ್ಲಿ ಖಾಸಗಿಯವರದೇ ಮೇಲುಗೈ. ಖರ್ಚಿನ ಅಂದಾಜನ್ನು ಹೀಗೆ ಎರಡು ಭಾಗ ಮಾಡಿಕೊಂಡರೆ ಲೆಕ್ಕ ತಪ್ಪುವುದಿಲ್ಲ. ಬಾರ್ಜಿಗೆ ಮತ್ತು ಹಳ್ಳಿ ಬಸ್ಸಿಗೆ ಚಿಲ್ಲರೆ ಇರಲೇಬೇಕು.

ಚಕ್ರದ ಸೂಟ್‌ಕೇಸ್ ಮನೆಯಲ್ಲೇ ಇರಲಿ. ಮರಳಿನಲ್ಲಿ ಅದರ ಚಕ್ರ ಉರುಳುವುದಿಲ್ಲ, ತುಂಬಿದ ಬಸ್ಸಿನಲ್ಲಿ ಇಡಲು ಜಾಗವಿಲ್ಲ. ಒಬ್ಬರಿಗೆ ಒಂದು ಹೆಗಲ ಚೀಲ, ಮಡಿಲಲ್ಲಿ ಇಟ್ಟುಕೊಳ್ಳುವಷ್ಟು ದೊಡ್ಡದು ಸಾಕು. ಒಗೆದು ಒಂದು ರಾತ್ರಿಯಲ್ಲಿ ಒಣಗುವ ಬಟ್ಟೆ, ಒದ್ದೆ ಬಟ್ಟೆಗೊಂದು ಪ್ಲಾಸ್ಟಿಕ್ ಚೀಲ, ಟೋಪಿ, ನೀರಿನ ಬಾಟಲಿ, ಚಪ್ಪಲಿ. ಬಾರ್ಜಿನ ಇಳಿಜಾರಿನಲ್ಲಿ ಪಾಚಿ ಇರುತ್ತದೆ, ಜಾರದ ಅಟ್ಟೆಯ ಚಪ್ಪಲಿ ನೋಡಿ ತೆಗೆದುಕೊಳ್ಳಿ.

ಮೊದಲ ದಿನ: ಶಿವಮೊಗ್ಗದಿಂದ ಹೊನ್ನಾವರ

ಬೆಳಿಗ್ಗೆ ಬೇಗ ಹೊರಡಿ. ಹೊನ್ನಾವರಕ್ಕೆ ನೂರಅರವತ್ತು ಕಿಲೋಮೀಟರ್ ಆಸುಪಾಸು, ಸುಮಾರು ಐದು ಗಂಟೆಯ ಲೆಕ್ಕ ಹಿಡಿಯಿರಿ. ನೇರ ಬಸ್ ಸಿಗದಿದ್ದರೆ ಚಿಂತೆಯಿಲ್ಲ, ಸಾಗರಕ್ಕೆ ಬಸ್ಸುಗಳ ಕೊರತೆಯಿಲ್ಲ, ಅಲ್ಲಿ ಬದಲಾಯಿಸಿದರಾಯಿತು. ಬೆಂಗಳೂರಿನಿಂದ ಬರುವ ನೆಂಟರು ಜೊತೆಯಾಗುವುದಾದರೆ ರಾತ್ರಿ ರೈಲಿನಲ್ಲಿ ಬಂದು ಬೆಳಿಗ್ಗೆ ತಾಳಗುಪ್ಪದಲ್ಲಿ ಇಳಿಯಲಿ. ರೈಲು ಹಳಿ ಮುಗಿಯುವುದು ಅಲ್ಲೇ, ಜೋಗ ಅಲ್ಲಿಂದ ಕೂಗಳತೆಯಲ್ಲದಿದ್ದರೂ ಸಮೀಪ.

ಜೋಗದಲ್ಲಿ ಇಳಿಯುವುದಾದರೆ ಇಳಿಯುವ ಮೊದಲೇ ಹೊನ್ನಾವರದ ಮುಂದಿನ ಬಸ್ ಯಾವಾಗ ಎಂದು ಕಂಡಕ್ಟರ್ ಬಳಿ ಕೇಳಿಟ್ಟುಕೊಳ್ಳಿ. ಅಲ್ಲಿಂದ ಮುಂದೆ ಬಸ್ಸಿನ ಎಡಬದಿಯ ಕಿಟಕಿ ಹಿಡಿಯಿರಿ. ಶರಾವತಿಯ ಕಣಿವೆ ಆ ಕಡೆಗೇ ಇರುವುದು. ಸಿಂಗಳೀಕಗಳು ಬದುಕುವ ದಟ್ಟ ಕಾಡು ಕೆಳಗೆ ಹಬ್ಬಿಕೊಂಡಿರುತ್ತದೆ. ಗೇರುಸೊಪ್ಪೆ ದಾಟಿದ ಮೇಲೆ ಅಡಿಕೆ ತೋಟಗಳ ನಡುವೆ ತೆಂಗು ಹೆಚ್ಚಾಗುತ್ತದೆ, ಸೆಕೆ ಹೆಚ್ಚಾಗುತ್ತದೆ, ಮಾತಿನ ಧಾಟಿಯೂ ಬದಲಾಗುತ್ತದೆ.

ಹೊನ್ನಾವರದಲ್ಲಿ ಬಸ್ ನಿಲ್ದಾಣದ ಸಮೀಪವೇ ತಂಗಿ. ಸಂಜೆ ಸೇತುವೆಯ ಆಚೆಗಿನ ಕಾಸರಕೋಡಿಗೆ ಹೋಗಿ ಬರಬಹುದು. ಅಲ್ಲಿನ ಕಡಲತೀರಕ್ಕೆ 2020ರಲ್ಲಿ, ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು, ಶೌಚಾಲಯ, ಸ್ನಾನದ ವ್ಯವಸ್ಥೆ ಇರುವುದರಿಂದ ಮಕ್ಕಳಿಗೂ ಹಿರಿಯರಿಗೂ ಅನುಕೂಲ. ಹತ್ತಿರದಲ್ಲೇ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಮರದ ಹಲಗೆಯ ಕಾಲುದಾರಿ ಇದೆ. ಊರಿನ ಶರಾವತಿ ಇಲ್ಲಿ ಉಪ್ಪುನೀರಾಗಿ, ಅಗಲವಾಗಿ, ಅವಸರವಿಲ್ಲದೆ ಹರಿಯುವುದನ್ನು ದೋಣಿಯಲ್ಲಿ ಕುಳಿತು ನೋಡಿ.

ಎರಡನೆಯ ದಿನ: ಅಘನಾಶಿನಿಯ ತಾರಿ

ಈ ಪ್ರವಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ದಿನ ಇದು. ಹೊನ್ನಾವರದಿಂದ ಕುಮಟಾ ಸುಮಾರು ಇಪ್ಪತ್ತು ಕಿಲೋಮೀಟರ್, ಬಸ್ಸುಗಳು ಮೇಲಿಂದ ಮೇಲೆ ಸಿಗುತ್ತವೆ. ಕುಮಟಾದಿಂದ ಗೋಕರ್ಣಕ್ಕೆ ಎಲ್ಲರೂ ಮಿರ್ಜಾನ್, ಮಾದನಗೇರಿಯ ಮೇಲೆ ಹೆದ್ದಾರಿಯಲ್ಲಿ ಹೋಗುತ್ತಾರೆ. ನೀವು ಕುಮಟಾ ನಿಲ್ದಾಣದಲ್ಲಿ ಅಘನಾಶಿನಿ ಊರಿನ ಬಸ್ ಕೇಳಿ. ಬಸ್ ಹೊತ್ತಿಗೆ ಸರಿಯಾಗಿ ಇಲ್ಲದಿದ್ದರೆ ಆಟೊ ಮಾಡಿಕೊಳ್ಳಿ, ದೂರ ಹೆಚ್ಚಿಲ್ಲ. ಊರಿನ ಕೊನೆಯಲ್ಲಿ ನದಿ, ಎದುರಿಗೆ ತದಡಿ ಬಂದರು. ತಾರಿ, ಅಂದರೆ ಬಾರ್ಜ್ ಓಡಾಡುವ ಕಡವು, ದಾಟಿದರೆ ಆ ಕಡೆಯಿಂದ ಗೋಕರ್ಣ ಕೆಲವೇ ಕಿಲೋಮೀಟರ್.

ಶಿರಸಿಯ ಬಳಿ ಹುಟ್ಟಿ ಬರುವ ಅಘನಾಶಿನಿಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಶರಾವತಿಯ ಕಥೆ ಗೊತ್ತಿರುವ ನಮಗೆ ಅದರ ಬೆಲೆ ವಿವರಿಸಿ ಹೇಳಬೇಕಾಗಿಲ್ಲ. ಇದರ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಅಂದರೆ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ನೀರಿನ ಇಳಿತದ ಹೊತ್ತಿಗೆ ಹೋದರೆ ಎದೆಮಟ್ಟದ ನೀರಿನಲ್ಲಿ ನಿಂತು ಬಳಚು (ಚಿಪ್ಪುಮೀನು) ಹೆಕ್ಕುವವರು ಕಾಣುತ್ತಾರೆ. ಇಲ್ಲಿನ ಗಜನಿ ಎಂಬ ಹಿನ್ನೀರಿನ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ. ಬಾರ್ಜಿನಲ್ಲಿ ನಿಮ್ಮ ಜೊತೆ ಬೈಕುಗಳು, ಮೀನಿನ ಬುಟ್ಟಿಗಳು, ಕೆಲಸಕ್ಕೆ ಹೋಗುವವರು ಇರುತ್ತಾರೆ. ಇದು ಅವರ ದಿನನಿತ್ಯದ ದಾರಿ. ಚಿತ್ರ ತೆಗೆಯುವ ಮೊದಲು ಕೇಳಿ, ಇಳಿಯುವಾಗ ಅವರಿಗೆ ದಾರಿ ಬಿಡಿ.

ಗೋಕರ್ಣದಲ್ಲಿ ದೇವಸ್ಥಾನದ ಬೀದಿಯ ಬಳಿ ಉಳಿಯುವುದು ಬಸ್ ಪ್ರಯಾಣಿಕರಿಗೆ ಅನುಕೂಲ. ಕುಡ್ಲೆ ತೀರಕ್ಕೆ ನಡೆದೇ ಹೋಗಬಹುದು, ಓಂ ತೀರಕ್ಕೆ ಆಟೊ ಸಿಗುತ್ತದೆ. ನೀರಿಗಿಳಿಯುವ ವಿಷಯದಲ್ಲಿ ಜೀವರಕ್ಷಕರ ಮಾತೇ ಅಂತಿಮ. ಹೊಳೆಯಲ್ಲಿ ಈಜು ಕಲಿತ ಮಲೆನಾಡಿನ ಹುಡುಗರಿಗೆ ಕಡಲಿನ ಒಳಸೆಳೆತ ಗೊತ್ತಿರುವುದಿಲ್ಲ, ಅದನ್ನು ಮನೆಯಲ್ಲೇ ಹೇಳಿ ಕರೆದೊಯ್ಯಿರಿ.

ಮೂರನೆಯ ದಿನ: ದಕ್ಷಿಣದ ಕಡೆಗೆ

ಬೆಳಿಗ್ಗೆ ಗೋಕರ್ಣದಲ್ಲೇ ಕಳೆದು, ಊಟ ಮುಗಿಸಿ ಕುಮಟಾ ಮೂಲಕ ಮುರುಡೇಶ್ವರ ಸೇರಿ. ಈ ಬಾರಿ ಹೆದ್ದಾರಿಯೇ ಇರಲಿ, ದಾರಿಯಲ್ಲಿ ಮಿರ್ಜಾನ್ ಕೋಟೆಗೆ ಇಳಿಯುವ ಉತ್ಸಾಹವಿದ್ದರೆ ಇಳಿಯಬಹುದು. ಹೆದ್ದಾರಿಯಲ್ಲಿ ಓಡುವ ಎಲ್ಲ ಬಸ್ಸುಗಳೂ ಮುರುಡೇಶ್ವರದ ಒಳಗೆ ಹೋಗುವುದಿಲ್ಲ, ಕೆಲವು ಕ್ರಾಸ್‌ನಲ್ಲಿ ಇಳಿಸುತ್ತವೆ, ಅಲ್ಲಿಂದ ಆಟೊ. ಕೊಂಕಣ ರೈಲು ಈ ಊರುಗಳನ್ನೆಲ್ಲ ಪೋಣಿಸುತ್ತದೆ. ಆದರೆ ನಿಲ್ದಾಣಗಳು ಹಲವೆಡೆ ಊರಿನಿಂದ ಹೊರಗಿವೆ, ಗೋಕರ್ಣ ರೋಡ್ ನಿಲ್ದಾಣದಿಂದ ಗೋಕರ್ಣಕ್ಕೆ ಸುಮಾರು ಹತ್ತು ಕಿಲೋಮೀಟರ್ ಇದೆ. ಬಸ್ ಕೈಕೊಟ್ಟಾಗ ಮಾತ್ರ ರೈಲು ನೆನೆಯಿರಿ.

ನಾಲ್ಕನೆಯ ದಿನ: ಸೀತೆಯ ಅಳಿವೆ

ಮುರುಡೇಶ್ವರದಿಂದ ಭಟ್ಕಳ, ಬೈಂದೂರು ದಾಟಿ ಕುಂದಾಪುರ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಬಸ್ಸಿನ ಎತ್ತರದ ಕಿಟಕಿಯಿಂದ ಎರಡೂ ಒಟ್ಟಿಗೆ ಕಾಣುತ್ತವೆ. ಕುಂದಾಪುರದಲ್ಲಿ ಊಟ ಮಾಡಿ, ಉಡುಪಿಯ ಕಡೆಗೆ ಹೋಗುವ ಬಸ್ ಹತ್ತಿ ಸಾಸ್ತಾನದಲ್ಲಿ ಇಳಿಯಿರಿ. ವೇಗದೂತ ಬಸ್ ಅಲ್ಲಿ ನಿಲ್ಲುತ್ತದೆಯೇ ಎಂದು ಹತ್ತುವಾಗಲೇ ಕೇಳಿ. ಸಾಸ್ತಾನದಿಂದ ಹಂಗಾರಕಟ್ಟೆಗೆ ಬಸ್ ಅಥವಾ ಆಟೊ, ಹಂಗಾರಕಟ್ಟೆಯಿಂದ ಕೋಡಿ ಬೆಂಗ್ರೆಗೆ ಬಾರ್ಜ್.

ಕೋಡಿ ಬೆಂಗ್ರೆ ಎಂಬುದು ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು ಇರುವ ಸಪೂರ ಮರಳಿನ ದಂಡೆ. ತುದಿಯಲ್ಲಿ ನಿಂತರೆ ಸೀತೆ, ಸ್ವರ್ಣೆಯರ ನೀರು ಕಡಲಿಗೆ ನುಗ್ಗುವುದು ಕಾಣುತ್ತದೆ. ಅಳಿವೆಯ ಬಾಯಿಯಲ್ಲಿ ನೀರಿಗಿಳಿಯುವ ಯೋಚನೆ ಮಾತ್ರ ಬೇಡ. ಇಲ್ಲಿಂದ ಹೂಡೆ, ಕೆಮ್ಮಣ್ಣಿನ ಮೂಲಕ ಉಡುಪಿಗೆ ಖಾಸಗಿ ಬಸ್ಸುಗಳಿವೆ. ಇಳಿದ ಕೂಡಲೇ ಮೊದಲ ಕೆಲಸವಾಗಿ ಅವುಗಳ ಸಮಯ ಕೇಳಿ, ಆಮೇಲೆ ತಿರುಗಾಡಿ.

ಉಡುಪಿಯಲ್ಲಿ ಸಿಟಿ ಬಸ್ ನಿಲ್ದಾಣ, ದೂರದೂರಿನ ಖಾಸಗಿ ಬಸ್ಸುಗಳ ಸರ್ವಿಸ್ ಬಸ್ ನಿಲ್ದಾಣ, ಸರ್ಕಾರಿ ಬಸ್ ನಿಲ್ದಾಣ ಬೇರೆ ಬೇರೆ. ಸಿಟಿ ಮತ್ತು ಸರ್ವಿಸ್ ನಿಲ್ದಾಣಗಳ ಆಸುಪಾಸಿನಲ್ಲಿ ಕೋಣೆ ಹಿಡಿದರೆ ಮರುದಿನದ ಎರಡೂ ಪ್ರಯಾಣ ಸುಲಭ.

ಐದನೆಯ ದಿನ: ದ್ವೀಪ, ಆಮೇಲೆ ಆಗುಂಬೆ

ಮಲ್ಪೆ ಉಡುಪಿಯಿಂದ ಆರು ಕಿಲೋಮೀಟರ್. ಸೇಂಟ್ ಮೇರೀಸ್ ದ್ವೀಪದ ದೋಣಿಗಳು ಸಾಕಷ್ಟು ಜನ ಸೇರಿದ ಮೇಲೆ ಹೊರಡುತ್ತವೆ, ವಾರದ ನಡುವಿನ ದಿನಗಳಲ್ಲಿ ಕಾಯಬೇಕಾಗಬಹುದು. ಲಾವಾ ತಣಿದು ಕಂಬಗಳಂತೆ ಎದ್ದುನಿಂತ ಬಹುಭುಜದ ಶಿಲೆಗಳನ್ನು ನೋಡಲೆಂದೇ ಹೋಗಬೇಕು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾದ ತಾಣ ಅದು. ನೆರಳು ಕಡಿಮೆ, ರಾತ್ರಿ ಉಳಿಯುವಂತಿಲ್ಲ. ಬೆಳಗಿನ ಮೊದಲ ದೋಣಿಗಳಲ್ಲಿ ಹೋಗಿ ಮಧ್ಯಾಹ್ನದೊಳಗೆ ಉಡುಪಿಗೆ ಮರಳಿ. ದೋಣಿ ತಡವಾಗುವಂತೆ ಕಂಡರೆ ದ್ವೀಪವನ್ನು ಬಿಡಿ, ಆಗುಂಬೆಯ ಬಸ್ಸನ್ನು ಬಿಡಬೇಡಿ.

ಹೊರಡುವ ಹಿಂದಿನ ದಿನವೇ ಘಟ್ಟ ತೆರೆದಿದೆಯೇ ಎಂದು ಸರ್ವಿಸ್ ನಿಲ್ದಾಣದಲ್ಲಿ ಖಚಿತಪಡಿಸಿಕೊಳ್ಳಿ. ದುರಸ್ತಿಗೆಂದು ಜಿಲ್ಲಾಡಳಿತ ಸಂಚಾರ ನಿಲ್ಲಿಸುವುದುಂಟು. ಮುಚ್ಚಿದ್ದರೆ ಕುಂದಾಪುರಕ್ಕೆ ಹಿಂದಿರುಗಿ ಹುಲಿಕಲ್ ಮೂಲಕ ಹತ್ತಬೇಕು, ಆಗ ದ್ವೀಪಕ್ಕೆ ಸಮಯವಿರುವುದಿಲ್ಲ. ತೆರೆದಿದ್ದರೆ ಶಿವಮೊಗ್ಗದವರೆಗಿನ ನೇರ ಮಿನಿ ಬಸ್ಸಿನಲ್ಲಿ ಮುಂದಿನ ಸೀಟು ಹಿಡಿಯಿರಿ. ವಾಂತಿಯ ತೊಂದರೆ ಇರುವವರು ಹೊಟ್ಟೆ ತುಂಬ ಉಣ್ಣದೆ, ಹೆಬ್ರಿಯಿಂದ ಮುಂದೆ ಮೊಬೈಲ್ ನೋಡದೆ ಕೂರಲಿ. ಸೋಮೇಶ್ವರದಲ್ಲಿ ಘಟ್ಟ ಶುರುವಾಗುತ್ತದೆ. ನೇರ ಬಸ್ ತಪ್ಪಿದರೆ ತೀರ್ಥಹಳ್ಳಿಯವರೆಗಿನದು ಸಾಕು, ಅಲ್ಲಿಂದ ಶಿವಮೊಗ್ಗಕ್ಕೆ ಸಂಜೆಯವರೆಗೂ ಬಸ್ಸುಗಳಿವೆ. ಸೂರ್ಯಾಸ್ತಕ್ಕೆಂದು ಆಗುಂಬೆಯಲ್ಲಿ ಇಳಿಯುವುದಾದರೆ ಅಂದು ರಾತ್ರಿ ಅಲ್ಲೇ ತಂಗುವ ಏರ್ಪಾಡು ಮಾಡಿಕೊಂಡಿರಿ. ಕತ್ತಲಾದ ಮೇಲೆ ಅಲ್ಲಿಂದ ಬಸ್ ಸಿಗುವುದು ಕಷ್ಟ.